ಮಳೆ ಆಕಾಶದ್ದು, ಏರಿ ಯಾರದ್ದು?

ಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು,
ಚಿಕ್ಕಬಳ್ಳಾಪುರ ಜಿಲ್ಲೆ.

ವಿಷಯ: ಕೆರೆ ಒಡೆದು ಆಗುವ ನಷ್ಟಕ್ಕೆ ಹೊಣೆ ಯಾರೆಂದು ಗೊತ್ತುಮಾಡುವ ಬಗ್ಗೆ, ಹಾಗೂ ಪ್ರತಿ ಕೆರೆಗೂ ಒಂದು ದಾಖಲೆ ಇಡುವ ಬಗ್ಗೆ.

ಮಾನ್ಯರೇ,

ನಾನು ಶಿಡ್ಲಘಟ್ಟ ತಾಲ್ಲೂಕಿನ ಒಬ್ಬ ರೇಷ್ಮೆ ಬೆಳೆಗಾರ. ಒಂದೂವರೆ ಎಕರೆ ಹಿಪ್ಪುನೇರಳೆ ತೋಟ, ಎರಡು ಎಕರೆ ರಾಗಿ ಹೊಲ. ಎರಡೂ ನಮ್ಮೂರ ಕೆರೆಯ ಕೆಳಗೇ ಇವೆ. 2021ರ ನವೆಂಬರ್ ಮಳೆಯಲ್ಲಿ ಆ ಕೆರೆ ಒಡೆಯಿತು. ಆಮೇಲೆ ಮಣ್ಣು ಹಾಕಿ ಮುಚ್ಚಿದರು. ಈಗ ಅದೇ ಜಾಗದಲ್ಲಿ, ಹೊಲಕ್ಕೆ ನೀರು ಬಿಡುವ ತೂಬಿನ ಪಕ್ಕ, ನೀರು ತಡೆದು ನಿಲ್ಲಿಸುವ ಮಣ್ಣಿನ ಏರಿಯ ಬುಡದಲ್ಲಿ ಮತ್ತೆ ತೇವ ಕಾಣಿಸುತ್ತಿದೆ. ಅದಕ್ಕೇ ಈ ಪತ್ರ. ಎಲ್ಲರೂ ಓದಲಿ ಎಂದು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಆ ರಾತ್ರಿ ನಾನು ಕಂಡದ್ದನ್ನು ಮೊದಲು ಹೇಳುತ್ತೇನೆ. ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ಕೆರೆ ತುಂಬಿ, ಹೆಚ್ಚಾದ ನೀರು ಹೊರಗೆ ಹೋಗುವ ಕೋಡಿಯಿಂದ ಹರಿಯುತ್ತಿತ್ತು. ಮೊದಲ ದಿನ ಊರಿನವರೆಲ್ಲ ಹೋಗಿ ಪೂಜೆ ಮಾಡಿ ಬಂದಿದ್ದೆವು. ಎಷ್ಟೋ ವರ್ಷಗಳ ಮೇಲೆ ತುಂಬಿದ ಕೆರೆ, ಖುಷಿ ಇರುವುದಿಲ್ಲವೇ? ಮೂರನೇ ದಿನ ಸಂಜೆ ನೋಡಿದರೆ ಕೋಡಿಯಿಂದ ನೀರು ಹೋಗುವ ದಾರಿಯಲ್ಲಿ, ರಸ್ತೆಗೆ ಹಾಕಿದ್ದ ಎರಡು ಸಿಮೆಂಟ್ ಪೈಪುಗಳ ಬಾಯಿಗೆ ಜಾಲಿ ಕೊಂಬೆಗಳು ಸಿಕ್ಕಿಕೊಂಡಿದ್ದವು. ಹಿಂದೆ ಅಲ್ಲಿ ಪೈಪು ಇರಲಿಲ್ಲ. ಎತ್ತಿನ ಗಾಡಿ ಇಳಿದು ಹತ್ತುವ ಅಗಲವಾದ ಹಳ್ಳ ಇತ್ತು. ಎಷ್ಟು ನೀರು ಬಂದರೂ ಅದರಲ್ಲಿ ಹರಿದು ಹೋಗುತ್ತಿತ್ತು. ರಸ್ತೆ ಮಾಡಿದವರು ಹಳ್ಳ ಮುಚ್ಚಿ ಪೈಪು ಹೂತರು. ನೀರು ಮುಂದೆ ಹೋಗಲು ಜಾಗ ಸಾಲದೆ ಹಿಂದಕ್ಕೆ ಒತ್ತಿತು. ಕೆರೆಯ ಮಟ್ಟ ಏರುತ್ತಾ ಹೋಯಿತು.

ತೂಬಿನ ಹತ್ತಿರ ಏರಿಯ ಬುಡದಲ್ಲಿ ಎರಡು ವರ್ಷದಿಂದ ನೀರು ಜಿನುಗುತ್ತಿತ್ತು. ತಿಳಿ ನೀರು. ಆ ರಾತ್ರಿ ಹತ್ತು ಗಂಟೆಗೆ ಬ್ಯಾಟರಿ ಹಾಕಿ ನೋಡಿದೆ. ನೀರು ಕೆಂಪಗಿತ್ತು. ನಮ್ಮ ತಾತ ಹೇಳುತ್ತಿದ್ದರು: ತಿಳಿ ನೀರು ಜಿನುಗಿದರೆ ಏರಿ ಬೆವರುತ್ತಿದೆ ಎಂದುಕೊ, ಕೆಂಪು ನೀರು ಬಂದರೆ ಏರಿ ಕರಗುತ್ತಿದೆ ಎಂದುಕೊ, ಓಡು. ನಾವು ಓಡಲಿಲ್ಲ. ಹದಿನೈದು ಜನ ಸೇರಿ ಮರಳು ಚೀಲ ಹಾಕಿದೆವು. ಕೈಯಲ್ಲಿದ್ದ ನಂಬರುಗಳಿಗೆಲ್ಲ ಫೋನ್ ಮಾಡಿದೆವು. ಬೆಳಗಿನ ಜಾವ ಎರಡೂವರೆ ಹೊತ್ತಿಗೆ ಏರಿ ಕುಸಿಯಿತು. ಆ ಸದ್ದು ಇವತ್ತಿಗೂ ಕಿವಿಯಲ್ಲಿದೆ.

ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ. ಕೆಳಗಿನ ಮನೆಗಳವರನ್ನು ಮೊದಲೇ ಶಾಲೆಗೆ ಕಳಿಸಿದ್ದೆವು. ಒಬ್ಬ ಅಜ್ಜಿಯ ಮನೆಯ ಮಣ್ಣಿನ ಗೋಡೆ ಬಿತ್ತು, ಕಟ್ಟಿಹಾಕಿದ್ದ ನಾಲ್ಕು ಕುರಿ ಹೋದವು. ಕೊಯ್ದು ಮಲಗಿಸಿದ್ದ ನನ್ನ ರಾಗಿ ತೆನೆ ಸಮೇತ ಕೊಚ್ಚಿಹೋಯಿತು. ತೋಟದ ಮೇಲೆ ಒಂದಡಿ ಮರಳು ಕೂತಿತು.

ಹುಳು ಮನೆಯಲ್ಲಿ ಇನ್ನೂರು ಮೊಟ್ಟೆಯ ಹುಳು ಇದ್ದವು (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪಿಗೇ ನಾವು ಒಂದು ಮೊಟ್ಟೆ ಎನ್ನುವುದು). ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಡುವುದು, ಮುಗಿಸಿ ಎದ್ದು ಎರಡು ದಿನ ಆಗಿತ್ತು. ರೇಷ್ಮೆ ಸಾಕಿದವರಿಗೆ ಗೊತ್ತು, ಹುಳು ಜೀವಮಾನದಲ್ಲೇ ಅತಿ ಜಾಸ್ತಿ ಸೊಪ್ಪು ತಿನ್ನುವುದು ಆಗಲೇ. ಮನೆಗೆ ನೀರು ನುಗ್ಗಲಿಲ್ಲ, ಹುಳು ಬದುಕಿದ್ದವು. ಆದರೆ ಹಾಕಲು ಸೊಪ್ಪಿರಲಿಲ್ಲ. ಕೆಸರು ಮೆತ್ತಿದ ಸೊಪ್ಪು ಹಾಕಿದರೆ ರೋಗ ಬರುತ್ತದೆ. ಸುತ್ತಮುತ್ತ ಎಲ್ಲಿ ಕೇಳಿದರೂ ಮಳೆಗೆ ಸೊಪ್ಪು ಸಿಗಲಿಲ್ಲ. ಎರಡು ದಿನ ನಾನು, ನನ್ನ ಹೆಂಡತಿ ಆ ಹುಳುಗಳು ತಲೆ ಎತ್ತಿ ಸೊಪ್ಪು ಹುಡುಕುವುದನ್ನು ನೋಡುತ್ತಾ ಕೂತಿದ್ದೆವು. ಮೂರನೇ ದಿನ ಗುಂಡಿ ತೋಡಿ ಮುಚ್ಚಿದೆವು. ಕಡಿಮೆ ಎಂದರೂ 140 ಕೆಜಿ ಗೂಡು ಆಗಬೇಕಿದ್ದ ಬೆಳೆ ಅದು.

ಇನ್ನೊಂದು ಸಂಗತಿಯನ್ನು ತಾವು ಗಮನಿಸಬೇಕು. ಕೆರೆ ಒಡೆಯುವ ಐದು ತಿಂಗಳ ಮುಂಚೆಯೇ ನಾವು ಹನ್ನೊಂದು ಜನ ರೈತರು ಸಹಿ ಹಾಕಿ ಅರ್ಜಿ ಕೊಟ್ಟಿದ್ದೆವು. ಏರಿಯಲ್ಲಿ ನೀರು ಜಿನುಗುತ್ತಿದೆ, ಜಾಲಿ ಬೆಳೆದಿದೆ, ಕೋಡಿ ದಾರಿ ಕಿರಿದಾಗಿದೆ ಎಂದು ಬರೆದಿದ್ದೆವು. ಸ್ವೀಕೃತಿಯ ಮೊಹರು ಹಾಕಿದ ಪ್ರತಿ ಈಗಲೂ ನನ್ನ ಹತ್ತಿರ ಇದೆ. ಕಚೇರಿಯ ಹೆಸರು, ಅಧಿಕಾರಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಒಬ್ಬರನ್ನು ಬೀದಿಗೆ ಎಳೆಯುವುದು ನನ್ನ ಉದ್ದೇಶವಲ್ಲ.

ಆಮೇಲೆ ಪರಿಹಾರದ ಮಾತು ಬಂತು. ಅಧಿಕಾರಿಗಳು ಬಂದರು, ಫೋಟೋ ತೆಗೆದರು, ಪಟ್ಟಿ ಮಾಡಿದರು. ಅವರು ಒಳ್ಳೆಯ ಮಾತೇ ಆಡಿದರು, ಸುಳ್ಳು ಹೇಳಬಾರದು. ಆಗಿನ ವಿಪತ್ತು ನಿಧಿಯ ನಿಯಮದಲ್ಲಿ ಹಿಪ್ಪುನೇರಳೆಗೆ ಹೆಕ್ಟೇರಿಗೆ 4,800 ರೂಪಾಯಿ. ನನ್ನ ಒಂದೂವರೆ ಎಕರೆಗೆ ಲೆಕ್ಕ ಹಾಕಿದರೆ ಮೂರು ಸಾವಿರವೂ ಆಗುವುದಿಲ್ಲ. ಮಳೆ ಆಶ್ರಿತ ಬೆಳೆಗೆ ಹೆಕ್ಟೇರಿಗೆ 6,800 ಇದ್ದದ್ದನ್ನು ರಾಜ್ಯ ಸರ್ಕಾರ ಆ ಡಿಸೆಂಬರ್‌ನಲ್ಲಿ 13,600ಕ್ಕೆ ಏರಿಸಿತು. ಅದಕ್ಕೆ ನಾವು ಋಣಿಗಳು. ಎರಡು ಎಕರೆ ರಾಗಿಗೆ ಹನ್ನೊಂದು ಸಾವಿರ ಚಿಲ್ಲರೆ ಆಯಿತು. ಹೊಲದ ಮರಳು ತೆಗೆಯಲು ಆಗಿನ ದರ ಹೆಕ್ಟೇರಿಗೆ 12,200. ಒಂದಡಿ ಮರಳು ತೆಗೆಸಲು ಜೆಸಿಬಿ ಎಷ್ಟು ಗಂಟೆ ನಿಲ್ಲಬೇಕು, ಟ್ರ್ಯಾಕ್ಟರ್ ಎಷ್ಟು ಲೋಡು ಹೊಡೆಯಬೇಕು ಎಂದು ಯಾವ ರೈತನನ್ನು ಕೇಳಿದರೂ ಹೇಳುತ್ತಾನೆ. ಹುಳುವಿನ ನಷ್ಟ ಬರೆದುಕೊಳ್ಳಲು ಅವರ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ.

ದುಡ್ಡು ಕಡಿಮೆ ಆಯಿತು ಎಂದು ಹೇಳಲು ನಾನು ಈ ಪತ್ರ ಬರೆಯುತ್ತಿಲ್ಲ. ನಾವೆಲ್ಲ ಅದನ್ನು ಪರಿಹಾರ ಎನ್ನುತ್ತೇವೆ. ಆದರೆ ನಿಯಮವೇ ಅದನ್ನು ನೆರವು ಎನ್ನುತ್ತದೆ, ಆದ ನಷ್ಟ ತುಂಬಿಕೊಡುವ ಹಣ ಅದಲ್ಲ. ಬರ ಬಂದರೂ, ಆಲಿಕಲ್ಲು ಬಿದ್ದರೂ ಅದೇ ನೆರವು. ಅಂದರೆ ನಮ್ಮ ಕೆರೆ ಒಡೆದದ್ದನ್ನೂ ಆಲಿಕಲ್ಲಿನ ಲೆಕ್ಕಕ್ಕೇ ಹಾಕಿದರು. ಮಳೆ ಮಾಡಿತು, ಮುಗಿಯಿತು. ಏರಿ ನೋಡಿಕೊಳ್ಳಬೇಕಾದವರು ನೋಡಿಕೊಂಡಿದ್ದರೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ.

ನನ್ನ ತಮ್ಮನ ಮಗಳು ವಕೀಲಿಕೆ ಮಾಡುತ್ತಾಳೆ. ಈ ವಿಷಯದಲ್ಲಿ ಕಾನೂನು ಏನು ಹೇಳುತ್ತದೆ ಎಂದು ಅವಳನ್ನು ಕೇಳಿದೆ. ಅವಳು ಎರಡು ಹಳೆಯ ತೀರ್ಪುಗಳನ್ನು ಓದಿ ಅರ್ಥ ಹೇಳಿದಳು.

ಒಂದು ನಮ್ಮ ಪಕ್ಕದ ಚಿತ್ತೂರು ಸೀಮೆಯದೇ. ಕಾರ್ವೇಟಿನಗರದ ಜಮೀನ್ದಾರರ ಕೆರೆಗಳು ಜೋರು ಮಳೆಗೆ ಒಡೆದು ಮದ್ರಾಸ್ ರೈಲ್ವೆ ಕಂಪನಿಯ ದಾರಿ ಹಾಳಾಯಿತು. ಕಂಪನಿ ದಾವೆ ಹಾಕಿತು. ಇಂಗ್ಲೆಂಡಿನಲ್ಲಿ ಆಗ ಒಂದು ನಿಯಮ ಇತ್ತು: ತನ್ನ ನೆಲದಲ್ಲಿ ನೀರು ಕೂಡಿಟ್ಟವನು, ಅದು ಹೊರಗೆ ನುಗ್ಗಿ ಹಾನಿ ಮಾಡಿದರೆ, ತಪ್ಪಿರಲಿ ಇಲ್ಲದಿರಲಿ ನಷ್ಟ ಕೊಡಬೇಕು. 1868ರ ರೈಲ್ಯಾಂಡ್ಸ್ ಮೊಕದ್ದಮೆಯ ನಿಯಮ ಅದು. ಆಗ ನಮ್ಮ ದೇಶದ ಮೊಕದ್ದಮೆಗಳಿಗೂ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ 1874ರಲ್ಲಿ ಅದನ್ನು ನಮ್ಮ ಕೆರೆಗಳಿಗೆ ಹಚ್ಚಲಿಲ್ಲ. ಈ ಸೀಮೆಯಲ್ಲಿ ಕೆರೆ ಜನರ ಬದುಕಿಗೆ ಬೇಕೇ ಬೇಕು, ಹಿಂದಿನಿಂದ ಬಂದದ್ದು, ಅದನ್ನು ಉಳಿಸಿಕೊಳ್ಳುವುದು ಜಮೀನ್ದಾರನ ಕರ್ತವ್ಯ, ಬೇಡ ಎಂದು ತೆಗೆದುಹಾಕಲು ಅವನಿಗೆ ಅಧಿಕಾರವಿಲ್ಲ. ಹಾಗಾಗಿ ಅವನ ಕಡೆಯಿಂದ ಅಲಕ್ಷ್ಯ ಆಗಿದ್ದರೆ ಮಾತ್ರ ಹೊಣೆ ಎಂದಿತು.

ಈ ತೀರ್ಪು ನನಗೆ ನ್ಯಾಯವಾಗಿಯೇ ಕಾಣುತ್ತದೆ. ಕೆರೆ ಇಟ್ಟುಕೊಂಡವನನ್ನೆಲ್ಲ ಶಿಕ್ಷಿಸಿದರೆ ಕೆರೆ ಉಳಿಯುವುದಿಲ್ಲ, ಅಲ್ವಾ? ಆದರೆ ಆ ಮಾತಿನ ಇನ್ನೊಂದು ಅರ್ಧವನ್ನು ಮರೆಯಬಾರದು. ಕೆರೆ ನೋಡಿಕೊಳ್ಳುವುದು ಕರ್ತವ್ಯ. ಅಲಕ್ಷ್ಯ ಮಾಡಿದರೆ ಹೊಣೆ ಇದ್ದೇ ಇದೆ.

ಎರಡನೆಯದು ಸ್ವಾತಂತ್ರ್ಯ ಬಂದಮೇಲಿನದು, ಪಂಜಾಬ್ ಸರ್ಕಾರ ಮತ್ತು ಲಾಡ್ವಾ ಊರಿನ ಮಾಡರ್ನ್ ಕಲ್ಟಿವೇಟರ್ಸ್ ಎಂಬ ಬೇಸಾಯಗಾರರ ನಡುವಿನ ಮೊಕದ್ದಮೆ. ಸರ್ಕಾರಿ ಕಾಲುವೆ ಒಡೆದು ಅವರ ಜಮೀನಿಗೆ ನೀರು ನುಗ್ಗಿತ್ತು. ಸುಪ್ರೀಂ ಕೋರ್ಟ್ ರೈತರ ಪರವಾಗಿ ನಿಂತಿತು. ಸರಿಯಾಗಿ ನೋಡಿಕೊಂಡ ಕಾಲುವೆ ಸುಮ್ಸುಮ್ನೆ ಒಡೆಯುವುದಿಲ್ಲ, ಒಡೆದಿದ್ದರೆ ಅಲಕ್ಷ್ಯ ಆಗಿದೆ ಎಂದೇ ಊಹಿಸಬಹುದು, ಆಗಿಲ್ಲ ಎನ್ನುವುದಾದರೆ ನೋಡಿಕೊಂಡವರೇ ತೋರಿಸಬೇಕು ಎಂದಿತು. ತಮ್ಮ ಕೈಯಲ್ಲಿದ್ದ ಕಾಲುವೆಯ ದಾಖಲೆಗಳನ್ನು ಸರ್ಕಾರದವರು ಕೋರ್ಟಿಗೆ ತರಲಿಲ್ಲ. ತರದೇ ಇದ್ದದ್ದನ್ನು ನ್ಯಾಯಾಧೀಶರು ಅವರ ವಿರುದ್ಧವೇ ಎಣಿಸಿದರು.

ಈ ಕೊನೆಯ ಮಾತು ಕೇಳಿ ನಾನು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ನಮ್ಮ ಕೆರೆಯ ಏರಿಯನ್ನು ಕೊನೆಯ ಸಲ ಯಾವಾಗ ತಪಾಸಣೆ ಮಾಡಿದ್ದೀರಿ, ಯಾರು ಮಾಡಿದರು, ಏನು ಬರೆದರು, ಕೋಡಿಯ ಮಟ್ಟ ಎಷ್ಟು, ದುರಸ್ತಿಗೆ ಎಷ್ಟು ಖರ್ಚಾಯಿತು ಎಂದು ಕೇಳಿದೆ. ಮೊದಲ ಕಚೇರಿ, ಈ ಕೆರೆ ನಮಗೆ ಸೇರಿಲ್ಲ ಎಂದು ಇನ್ನೊಂದು ಕಚೇರಿಗೆ ವರ್ಗಾಯಿಸಿತು. ಎರಡನೆಯ ಕಚೇರಿಯೂ ನಮ್ಮದಲ್ಲ ಎಂದಿತು. ಕಾರಣ ತಮಗೆ ಗೊತ್ತೇ ಇದೆ. ಅಚ್ಚುಕಟ್ಟು, ಅಂದರೆ ಕೆರೆ ನೀರು ಉಣ್ಣುವ ಜಮೀನು, 40 ಹೆಕ್ಟೇರಿಗಿಂತ ಜಾಸ್ತಿ ಇದ್ದರೆ ಕೆರೆ ಸಣ್ಣ ನೀರಾವರಿ ಇಲಾಖೆಗೆ, ಕಡಿಮೆ ಇದ್ದರೆ ಪಂಚಾಯತ್ ರಾಜ್‌ಗೆ. ನಮ್ಮ ಕೆರೆಯ ಅಚ್ಚುಕಟ್ಟು ಹಳೆಯ ಪುಸ್ತಕದಲ್ಲಿ 43, ಹೊಸ ಪಟ್ಟಿಯಲ್ಲಿ 38. ನಡುವೆ ಒಂದಿಷ್ಟು ಗದ್ದೆ ಸೈಟುಗಳಾದವು. ಐದು ಹೆಕ್ಟೇರಿನ ಈ ವ್ಯತ್ಯಾಸದಲ್ಲಿ ನಮ್ಮ ಕೆರೆಗೆ ವಾರಸುದಾರರೇ ಇಲ್ಲದಂತಾಯಿತು. ಕೊನೆಗೆ ಬಂದ ಉತ್ತರ: ಕೋರಿರುವ ಮಾಹಿತಿ ಲಭ್ಯವಿರುವುದಿಲ್ಲ. ದಾಖಲೆಯೇ ಇಲ್ಲದ ಮೇಲೆ ಅಲಕ್ಷ್ಯವನ್ನು ರೈತ ಹೇಗೆ ತೋರಿಸಬೇಕು?

ಕೋರ್ಟಿಗೆ ಹೋಗಬಹುದಿತ್ತು ಎಂದು ಯಾರಾದರೂ ಹೇಳಬಹುದು. ಸರ್ಕಾರದ ಮೇಲೆ ದಾವೆ ಹಾಕುವ ಮುಂಚೆ ಎರಡು ತಿಂಗಳ ನೋಟಿಸ್ ಕೊಡಬೇಕು. ಕೇಳುವ ಮೊತ್ತಕ್ಕೆ ತಕ್ಕ ಹಾಗೆ ಕೋರ್ಟ್ ಶುಲ್ಕ ಕಟ್ಟಬೇಕು. ಯಾವ ಇಲಾಖೆಯ ಮೇಲೆ ಹಾಕಬೇಕು ಎಂದು ಗೊತ್ತಿರಬೇಕು. ತಿಂಗಳಿಗೊಂದು ಬೆಳೆ ತೆಗೆಯುವ ನಮ್ಮಂಥವರು ಹುಳು ಬಿಟ್ಟು ವಾಯಿದೆಗೆ ಅಲೆಯಲು ಆಗುವುದಿಲ್ಲ. ಹನ್ನೊಂದು ಜನರಲ್ಲಿ ಒಬ್ಬರೂ ಹೋಗಲಿಲ್ಲ.

ನಮ್ಮ ತಾತನ ಕಾಲದಲ್ಲಿ ಇದಕ್ಕೆ ಉತ್ತರ ಸುಲಭವಿತ್ತು. ಏರಿ ಯಾರು ಕಾಯುತ್ತಾರೆ ಎಂದರೆ ನೀರಗಂಟಿ. ಸುಗ್ಗಿಯಲ್ಲಿ ಪ್ರತಿ ಕಣದಿಂದ ಅವನಿಗೆ ಧಾನ್ಯ ಹೋಗುತ್ತಿತ್ತು. ಮಳೆ ಜೋರಾದರೆ ಕಂದೀಲು ಹಿಡಿದು ರಾತ್ರಿಯೆಲ್ಲ ಏರಿ ಮೇಲೆ ಓಡಾಡುತ್ತಿದ್ದ. ಇಲಿ ಬಿಲ, ಏಡಿ ತೂತು, ಗೆದ್ದಲು ಹುತ್ತ ಎಲ್ಲಿವೆ ಎಂದು ಅವನಿಗೆ ಗೊತ್ತಿತ್ತು. ತಮಟೆ ಬಡಿದರೆ ಮನೆಗೊಬ್ಬರು ಗುದ್ದಲಿ ತಗೊಂಡು ಹೋಗಲೇಬೇಕಿತ್ತು. ಹೋಗದಿದ್ದರೆ ದಂಡ. ಆ ಪದ್ಧತಿಯಲ್ಲೂ ಅನ್ಯಾಯ ಇತ್ತು. ಜಾತಿ ನೋಡಿ ಕೆಲಸ ಹೊರಿಸುತ್ತಿದ್ದರು. ಅದು ಹಾಗೇ ವಾಪಸ್ ಬರಲಿ ಎಂದು ನಾನು ಕೇಳುತ್ತಿಲ್ಲ. ಆದರೆ ಆಗ ಕೆರೆಗೆ ಒಬ್ಬ ಮನುಷ್ಯ ಇದ್ದ. ಈಗ ಇಲಾಖೆಗಳಿವೆ, ಮನುಷ್ಯ ಇಲ್ಲ.

ಊರಿನವರಾದ ನಮ್ಮ ತಪ್ಪೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ನೀರು ಜಾಸ್ತಿ ನಿಲ್ಲಲಿ ಎಂದು ಒಂದು ವರ್ಷ ಕೋಡಿಯ ಮೇಲೆ ಕಲ್ಲು ಇಟ್ಟು ಎತ್ತರ ಮಾಡಿದವರು ನಾವೇ. ಮೀನು ಹರಾಜು ಹಿಡಿದವರು ಮೀನು ಹೊರಗೆ ಹೋಗದ ಹಾಗೆ ಕೋಡಿಗೆ ಜಾಲರಿ ಕಟ್ಟಿದರು, ನಾವು ಬಾಯಿ ಬಿಡಲಿಲ್ಲ. ರಾಜಕಾಲುವೆಯ ಬದು ಒಳಕ್ಕೆ ತಳ್ಳಿ ಉಳುಮೆ ಮಾಡಿದವರೂ ನಮ್ಮ ಅಣ್ಣತಮ್ಮಂದಿರೇ. ಹೊಣೆ ಲೆಕ್ಕ ಹಾಕುವಾಗ ಇದನ್ನೂ ಬರೆಯಿರಿ. ನಾವು ಒಪ್ಪುತ್ತೇವೆ.

ಇವತ್ತು ಈ ಮಾತು ಇನ್ನೂ ಅವಸರದ್ದು. ನಮ್ಮ ಜಿಲ್ಲೆಯ ಕೆರೆಗಳು ಈಗ ಹಿಂದಿನ ಹಾಗಿಲ್ಲ. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯಿಂದ ಸಂಸ್ಕರಿಸಿದ ಕೊಳಚೆ ನೀರು ಬರುತ್ತಿದೆ. ದಿನಕ್ಕೆ 210 ದಶಲಕ್ಷ ಲೀಟರ್ ಯೋಜನೆ ಅದು. ಕೋಲಾರಕ್ಕೆ ಕೋರಮಂಗಲ–ಚಲ್ಲಘಟ್ಟದಿಂದ 440 ದಶಲಕ್ಷ ಲೀಟರ್. 2018ರಲ್ಲಿ ಅಲ್ಲಿನ ಲಕ್ಷ್ಮೀಸಾಗರ ಕೆರೆಗೆ ಮೊದಲು ನೀರು ಬಂತು. ಆ ನೀರಿನ ಗುಣಮಟ್ಟದ ಬಗ್ಗೆ ಹೈಕೋರ್ಟ್, ಸುಪ್ರೀಂ ಕೋರ್ಟ್‌ವರೆಗೆ ವಾದ ನಡೆಯಿತು. ಅದು ಬೇರೆಯೇ ವಿಷಯ, ಇಲ್ಲಿ ಬೇಡ. ನಾನು ಕೇಳುವುದು ಬರೀ ಜಾಗದ ಲೆಕ್ಕ. ಮೊದಲು ಬೇಸಿಗೆಯಲ್ಲಿ ಕೆರೆ ಒಣಗುತ್ತಿತ್ತು, ಮಳೆ ಬಂದಾಗ ನೀರಿಗೆ ಜಾಗ ಇರುತ್ತಿತ್ತು. ಈಗ ಪೈಪಿನ ನೀರು ಬರುವ ಕೆರೆಗಳಲ್ಲಿ ಸೆಪ್ಟೆಂಬರ್ ಹೊತ್ತಿಗೇ ನೀರು ನಿಂತಿರುತ್ತದೆ. ನಮ್ಮ ಕಡೆ ದೊಡ್ಡ ಮಳೆ ಬರುವುದೇ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ. ವರ್ಷಾನುಗಟ್ಟಲೆ ಒಣಗಿ ಬಿರುಕು ಬಿಟ್ಟ, ಜಾಲಿ ಬೇರು ಹೊಕ್ಕ ಏರಿಗಳು ಈಗ ವರ್ಷವಿಡೀ ನೀರು ತಡೆದು ನಿಂತಿವೆ. ನಮ್ಮ ಕೆರೆ ಒಡೆದದ್ದಕ್ಕೆ ಆ ನೀರೇ ಕಾರಣ ಎಂದು ನಾನು ಹೇಳುತ್ತಿಲ್ಲ, ನಮ್ಮ ಕೆರೆಗೆ ಆ ಪೈಪು ಬಂದಿಲ್ಲ. ಆದರೆ ನೀರು ತುಂಬಿಸುವವರು ಒಬ್ಬರು, ಏರಿ ನೋಡಬೇಕಾದವರು ಇನ್ನೊಬ್ಬರು ಆದಾಗ, ಒಡೆದರೆ ಯಾರು ಉತ್ತರ ಹೇಳುತ್ತಾರೆ? ಇದನ್ನು ಈಗಲೇ ಬರೆದಿಡಬೇಕು.

ಒಂದು ಕೆರೆ ಒಡೆದರೆ ಒಂದೇ ಕೆರೆಗೆ ನಿಲ್ಲುವುದೂ ಇಲ್ಲ. ನಮ್ಮದು ಸರಪಳಿ. ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಗೆ ಬೀಳುತ್ತದೆ. 1903ರ ನವೆಂಬರ್‌ನಲ್ಲಿ ಪಾಲಾರ್ ನದಿಯ ಮೇಲ್ಭಾಗದ, ನಮ್ಮ ಸೀಮೆಯ ಕೆರೆಗಳು ಒಡೆದು ಆ ನೀರು ತಮಿಳುನಾಡಿನ ವಾಣಿಯಂಬಾಡಿಯವರೆಗೆ ಹೋಗಿ ಊರನ್ನೇ ಕೊಚ್ಚಿ ಹಾಕಿತು.

ದೊಡ್ಡ ಅಣೆಕಟ್ಟುಗಳಿಗೆ ಈಗ ಕಾನೂನಿದೆ. ನಮ್ಮ ಕೆರೆ ಒಡೆದ ಮುಂದಿನ ತಿಂಗಳೇ ಸಂಸತ್ತು ಅಣೆಕಟ್ಟು ಸುರಕ್ಷತಾ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ತಪಾಸಣೆ ಆಗಬೇಕು, ದಾಖಲೆ ಇಡಬೇಕು ಎಂದು ಅದರಲ್ಲಿದೆ. ಆದರೆ ಅದು 15 ಮೀಟರಿಗಿಂತ ಎತ್ತರದ ಅಣೆಕಟ್ಟಿಗೆ, ಕೆಲವು ಷರತ್ತು ಸೇರಿದರೆ 10 ಮೀಟರಿನವಕ್ಕೆ. ನಮ್ಮ ಏರಿ ಐದು ಮೀಟರ್ ಕೂಡ ಇಲ್ಲ. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಜನ ಇಂಥ ಚಿಕ್ಕ ಏರಿಗಳ ಕೆಳಗೇ ಬದುಕುತ್ತಿರುವುದು.

ಮಾನ್ಯರೇ, ಹೊಸ ಕಾಯ್ದೆ ತನ್ನಿ ಎಂದು ತಮ್ಮನ್ನು ಕೇಳುವುದಿಲ್ಲ. ಅದು ವಿಧಾನಸೌಧದ ಕೆಲಸ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಲ್ಲಿ ಜಿಲ್ಲೆಯ ಪ್ರಾಧಿಕಾರಕ್ಕೆ ತಾವೇ ಅಧ್ಯಕ್ಷರು. ಎಲ್ಲ ಇಲಾಖೆಗಳನ್ನೂ ಒಂದು ಮೇಜಿನ ಸುತ್ತ ಕೂರಿಸುವ ಅಧಿಕಾರ ಜಿಲ್ಲೆಯಲ್ಲಿ ಇರುವುದು ತಮಗೇ. ಅದನ್ನು ಬಳಸಿ ಎಂದು ಕೇಳುತ್ತೇನೆ.

ಮೊದಲನೆಯದಾಗಿ, ಜಿಲ್ಲೆಯಲ್ಲಿ ಯಾವ ಕೆರೆ ಯಾರದ್ದು ಎಂದು ಒಂದೇ ಪಟ್ಟಿ ಮಾಡಿಸಿ. ಅಚ್ಚುಕಟ್ಟಿನ ಜಗಳ ಇರುವ ಕೆರೆಗಳನ್ನು ತಾವೇ ಒಂದು ಇಲಾಖೆಗೆ ಬರೆದುಕೊಡಿ. ಪ್ರತಿ ಏರಿಯ ಮೇಲೆ ಒಂದು ಬೋರ್ಡು ಇರಲಿ: ಕೆರೆಯ ಹೆಸರು, ಯಾವ ಇಲಾಖೆ, ಯಾವ ಎಂಜಿನಿಯರ್ ಹುದ್ದೆ, ರಾತ್ರಿ ಹೊತ್ತು ಎತ್ತುವ ಫೋನ್ ನಂಬರ್. ಕೋಡಿಯ ಮಟ್ಟಕ್ಕೆ ಒಂದು ಕಲ್ಲು ನೆಡಿಸಿ. ಆಮೇಲೆ ನಾವಾಗಲಿ ಮೀನಿನವರಾಗಲಿ ಅದನ್ನು ಎತ್ತರಿಸಿದರೆ ಎಲ್ಲರಿಗೂ ಕಾಣುತ್ತದೆ.

ಪ್ರತಿ ಕೆರೆಗೂ ಒಂದು ಪುಸ್ತಕ ಬೇಕು. ಮೇ ತಿಂಗಳಲ್ಲಿ ಒಮ್ಮೆ, ಹಿಂಗಾರು ಶುರುವಾಗುವ ಮುಂಚೆ ಒಮ್ಮೆ ಎಂಜಿನಿಯರ್ ಏರಿಯ ಮೇಲೆ ನಡೆದು, ನೋಡಿದ್ದನ್ನು ಬರೆದು, ಸಹಿ ಹಾಕಬೇಕು. ಅದರ ಪ್ರತಿ ಗ್ರಾಮ ಪಂಚಾಯಿತಿ ಗೋಡೆಗೆ ಅಂಟಿಸಬೇಕು. ಈ ಪುಸ್ತಕ ರೈತನಿಗಷ್ಟೇ ಅಲ್ಲ, ಎಂಜಿನಿಯರಿಗೂ ರಕ್ಷಣೆ. ಎಲ್ಲ ಸರಿಯಾಗಿ ಮಾಡಿದ ಮೇಲೂ ಅಳತೆ ಮೀರಿದ ಮಳೆ ಬಂದು ಕೆರೆ ಒಡೆದರೆ, ತನ್ನ ತಪ್ಪಿಲ್ಲ ಎಂದು ಆತ ಪುಸ್ತಕ ತೆರೆದು ತೋರಿಸಬಹುದು. ಆಗ ನಾವೂ ತಲೆಬಾಗುತ್ತೇವೆ.

ಕೆರೆ ಒಡೆದರೆ ಹದಿನೈದು ದಿನದೊಳಗೆ ಕಾರಣವನ್ನು ಲಿಖಿತವಾಗಿ ಕೊಡಿಸಿ. ಆ ಕೆರೆಯನ್ನು ನೋಡಿಕೊಳ್ಳುವ ಇಲಾಖೆಯವರೇ ಆ ವರದಿ ಬರೆಯಬಾರದು, ಹೊರಗಿನ ಎಂಜಿನಿಯರ್ ಬರೆಯಲಿ. ನಷ್ಟವಾದ ಪ್ರತಿ ಮನೆಗೂ ಒಂದು ಪ್ರತಿ ಸಿಗಲಿ. ನೆರವಿನ ಹಣ ಈಗಿನ ಹಾಗೇ ಬೇಗ ಬರಲಿ. ಆದರೆ ಅದನ್ನು ತೆಗೆದುಕೊಂಡ ಮಾತ್ರಕ್ಕೆ ನಷ್ಟ ಕೇಳುವ ಹಕ್ಕು ಹೋಗುವುದಿಲ್ಲ ಎಂದು ಆದೇಶದಲ್ಲೇ ಬರೆಸಿ. ಅಲಕ್ಷ್ಯ ಆಗಿದೆ ಎಂದು ವರದಿ ಹೇಳಿದರೆ ರೈತನನ್ನು ಕೋರ್ಟಿಗೆ ಅಲೆಸದೆ ಇಲಾಖೆಯೇ ಮುಂದೆ ಬಂದು ನಷ್ಟ ತುಂಬಿಕೊಡುವ ದಾರಿ ಮಾಡಬೇಕೆಂದು ತಾವು ಸರ್ಕಾರಕ್ಕೆ ಶಿಫಾರಸು ಮಾಡಿ.

ಕೋಡಿ ದಾರಿಗೆ ಅಡ್ಡ ಹಾಕಿದ ಪೈಪು ಮೋರಿಗಳನ್ನು ತೆಗೆಸಿ ಸೇತುವೆ ಮಾಡಿಸುವುದು ಖರ್ಚಿನ ಕೆಲಸ, ಒಂದೇ ವರ್ಷದಲ್ಲಿ ಆಗುವುದಿಲ್ಲ ಎಂದು ಗೊತ್ತು. ಈ ವರ್ಷ ಅವುಗಳ ಬಾಯಿಯನ್ನಾದರೂ ಸ್ವಚ್ಛ ಮಾಡಿಸಿ. ಮಳೆಗಾಲದ ಆರು ತಿಂಗಳು ಪ್ರತಿ ಕೆರೆಗೂ ಸಂಬಳ ಕೊಟ್ಟು ಒಬ್ಬ ಕಾವಲುಗಾರ ಇಡಿ. ಜಾತಿ ನೋಡದೆ, ಕೆರೆ ಗೊತ್ತಿರುವ ಯಾರನ್ನಾದರೂ ಇಡಿ. ಹೆಸರು ನೀರಗಂಟಿ ಅಂತಲೇ ಇರಲಿ.

ಈ ಪತ್ರದ ಜೊತೆ ಮೂರು ಪ್ರತಿ ಲಗತ್ತಿಸಿ ತಮ್ಮ ಕಚೇರಿಗೆ ಅಂಚೆಯಲ್ಲಿ ಕಳಿಸಿದ್ದೇನೆ: 2021ರಲ್ಲಿ ಕೊಟ್ಟ ಅರ್ಜಿಯ ಸ್ವೀಕೃತಿ, ಮಾಹಿತಿ ಹಕ್ಕಿನ ಉತ್ತರ, ಮತ್ತು ತೂಬಿನ ಪಕ್ಕದ ತೇವದ ಹೋದ ವಾರದ ಫೋಟೋ. ನೀರು ಸದ್ಯಕ್ಕೆ ತಿಳಿಯಾಗಿಯೇ ಇದೆ. ತಾವು ಒಬ್ಬ ಎಂಜಿನಿಯರನ್ನು ಯಾವ ದಿನ ಕಳಿಸಿದರೂ ಏರಿಯ ಮೇಲೆ ಅವರ ಜೊತೆ ನಡೆಯಲು ನಾವು ಹನ್ನೊಂದು ಜನವೂ ಬರುತ್ತೇವೆ. ಹಿಂಗಾರು ಬರುವ ಮುಂಚೆ ಕಳಿಸಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕೆರೆ ಕೆಳಗಿನ ಒಬ್ಬ ರೇಷ್ಮೆ ಬೆಳೆಗಾರ,
ಶಿಡ್ಲಘಟ್ಟ ತಾಲ್ಲೂಕು